ಬಿಟ್ಟುಹೋದ ವ್ಯಾಯಾಮಕ್ಕೆ ಮರಳುವುದು ಹೇಗೆ: ಮೊದಲ ಆರು ವಾರಗಳ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದಲ್ಲಿ ಬೆಳಗಿನ ವಾಕಿಂಗ್ ನಿಲ್ಲುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ಏಪ್ರಿಲ್-ಮೇ ತಿಂಗಳ ಲಗ್ನಗಳು, ಮಳೆಗಾಲದ ಡೆಂಗಿ ಜ್ವರ, ಮಕ್ಕಳ ಪರೀಕ್ಷೆ, ಬಾಡಿಗೆ ಮನೆ ಬದಲಾಯಿಸಿದ ಗಡಿಬಿಡಿ. ನಿಂತು ಎರಡು ವಾರ ಆಯಿತೇನೋ ಅಂದುಕೊಂಡಿರುತ್ತೀರಿ, ಕ್ಯಾಲೆಂಡರ್ ತಿರುವಿದರೆ ಎರಡೂವರೆ ತಿಂಗಳು.

ಮತ್ತೆ ಶುರು ಮಾಡುವ ದಿನದ ಕಥೆಯೂ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಭಾನುವಾರ ಹುರುಪಿನಲ್ಲಿ ಕೋಟೆಗೆ ಹೋಗಿ, ಬಿಡುವ ಮುಂಚೆ ಎಷ್ಟು ಹತ್ತುತ್ತಿದ್ದರೋ ಅಷ್ಟನ್ನೂ ಹತ್ತಿ ಇಳಿಯುತ್ತಾರೆ. ಸೋಮವಾರ ಪರವಾಗಿಲ್ಲ. ಮಂಗಳವಾರ ಬಸ್ಸಿನ ಮೆಟ್ಟಿಲು ಇಳಿಯಲು ತೊಡೆ ಒಪ್ಪುವುದಿಲ್ಲ, ಕಂಬಿ ಹಿಡಿದು ಅಡ್ಡಡ್ಡ ಇಳಿಯಬೇಕು. ಬುಧವಾರ ಅಲಾರಂ ಹೊಡೆದ ಕೂಡಲೇ ಕೈ ತಾನಾಗಿ ಹೋಗಿ ಆರಿಸುತ್ತದೆ. ಅಲ್ಲಿಂದ "ಯಾಕೋ ಮನಸ್ಸೇ ಬರ್ತಿಲ್ಲ" ಅನ್ನುವ ಮಾತು ಶುರು.

ಪಾಪ, ಮನಸ್ಸಿನ ತಪ್ಪೇನಿದೆ? ತಪ್ಪಿದ್ದು ಅಳತೆ. ಹುರುಪು ಬಂದಮೇಲೆ ಹೋಗೋಣ ಎಂದು ಕಾಯುವವರಿಗೆ ಅದು ಬರುವುದು ಅಪರೂಪ. ಮೈ ನೋಯಿಸಿಕೊಳ್ಳದೆ ಒಂದು ವಾರ ಹೋಗಿಬಂದವರಿಗೆ ಕೇಳದೆಯೇ ಬರುತ್ತದೆ. ಹಾಗಾಗಿ ಮೊದಲ ಎರಡು ವಾರದ ಕೆಲಸ ಒಂದೇ: ನಾಳೆಯೂ ಹೋಗಬೇಕು ಅನ್ನಿಸುವಷ್ಟು ಇವತ್ತಿನದನ್ನು ಚಿಕ್ಕದು ಮಾಡುವುದು.

ಏನು ಕಳೆದಿದೆ, ಏನು ಉಳಿದಿದೆ

ವ್ಯಾಯಾಮ ನಿಂತಾಗ ಮೊದಲು ಹೋಗುವುದು ದಮ್ಮು. ಎರಡು ವಾರದೊಳಗೆ ರಕ್ತದಲ್ಲಿನ ನೀರಿನಂಶದ ಪ್ರಮಾಣ ತಗ್ಗುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಅದೇ ಏರು ಹತ್ತಲು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಮೊದಲ ದಿನ ಏದುಸಿರು ಬರುವುದಕ್ಕೆ ಇದು ದೊಡ್ಡ ಕಾರಣ. ವಯಸ್ಸಾಯಿತು ಎಂದು ಅಲ್ಲೇ ಕೂತು ತೀರ್ಮಾನ ಮಾಡಬೇಡಿ. ಬೇಗ ಹೋದದ್ದು ಬೇಗ ಮರಳಿಯೂ ಬರುತ್ತದೆ.

ಸ್ನಾಯುಗಳ ಬಲ ಮೂರು-ನಾಲ್ಕು ವಾರ ಹೆಚ್ಚು ಕುಂದದೆ ಉಳಿಯುತ್ತದೆ. ಆಮೇಲೆ ಇಳಿದರೂ, ಹಿಂದೆ ಒಮ್ಮೆ ಗಳಿಸಿದ ಬಲ ಮೊದಲ ಸಲಕ್ಕಿಂತ ಬೇಗ ಕೂಡಿಬರುತ್ತದೆ. ತಡ ಮಾಡುವುದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಮತ್ತು ಅಂಥದೇ ಗಟ್ಟಿ ಪಟ್ಟಿಗಳು. ಹಿಮ್ಮಡಿಯ ಮೇಲಿನ ದಪ್ಪ ನರದಂಥದ್ದು, ಮಂಡಿಚಿಪ್ಪಿನ ಕೆಳಗಿನದು, ಪಾದದಡಿಯ ಪಟ್ಟಿ, ಇವು ತಿಂಗಳುಗಳ ಲೆಕ್ಕದಲ್ಲಿ ಹದಗೊಳ್ಳುವಂಥವು. ಮೂರನೇ ವಾರಕ್ಕೆ ದಮ್ಮು ಬಂದಿರುತ್ತದೆ, "ಇನ್ನೇನು, ಸರಿಹೋದೆ" ಅನ್ನಿಸುತ್ತದೆ, ಜೋರು ಮಾಡುತ್ತೀರಿ, ಹಿಮ್ಮಡಿ ಹಿಡಿದುಕೊಳ್ಳುತ್ತದೆ. ಮೊದಲ ವಾರಕ್ಕಿಂತ ಮೂರು-ನಾಲ್ಕನೇ ವಾರದಲ್ಲಿ ಹೆಚ್ಚು ಎಚ್ಚರ ಬೇಕು.

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಒಂದು ಒರಟು ಲೆಕ್ಕ: ಒಂದು ವಾರ ಬಿಟ್ಟಿದ್ದರೆ ಹಿಂದಿನಷ್ಟೇ ಮಾಡಿ, ಮೊದಲ ದಿನ ಮಾತ್ರ ನಿಧಾನ. ಎರಡರಿಂದ ನಾಲ್ಕು ವಾರ ಬಿಟ್ಟಿದ್ದರೆ ಅರ್ಧದಿಂದ. ಒಂದರಿಂದ ಮೂರು ತಿಂಗಳಾಗಿದ್ದರೆ ಮೂರರಲ್ಲೊಂದು ಪಾಲಿನಿಂದ. ಅದಕ್ಕೂ ಮೀರಿದ್ದರೆ ಹೊಸಬರಂತೆ, ಕೆಳಗೆ ಕೊಟ್ಟಿರುವ ಹತ್ತು ನಿಮಿಷದಿಂದ.

ಹೊರಡುವ ಮುಂಚೆ ಡಾಕ್ಟರ ಮಾತು ಯಾರಿಗೆ ಬೇಕು

ಎದೆನೋವು, ನಡೆಯುವಾಗ ಎದೆ ಬಿಗಿತ, ಕಣ್ಣು ಕತ್ತಲೆ ಬಂದಿದ್ದರೆ, ಆಪರೇಷನ್ ಅಥವಾ ಹೆರಿಗೆಯ ನಂತರದ ಬಿಡುವಾಗಿದ್ದರೆ ಕೇಳಿಯೇ ಹೊರಡಿ. ಡೆಂಗಿ, ಚಿಕೂನ್‌ಗುನ್ಯಾ ಆಗಿದ್ದವರು ಜ್ವರ ಬಿಟ್ಟ ಮಾರನೇ ದಿನವೇ ಎದ್ದು ಹೋಗಬಾರದು. ಡೆಂಗಿಯಲ್ಲಿ ಅಪಾಯದ ದಿನಗಳು ಜ್ವರ ಇಳಿಯುವ ಹೊತ್ತಿಗೇ ಬರುತ್ತವೆ, ಸುಸ್ತು ವಾರಗಟ್ಟಲೆ ಉಳಿಯುತ್ತದೆ. ಮನೆಯೊಳಗಿನ ಓಡಾಟ ದಣಿವಿಲ್ಲದೆ ಆಗುವವರೆಗೆ ಕಾಯಿರಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆ ಚೆಕ್ ಮಾಡಿ, 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಜೇಬಿನಲ್ಲಿ ಮೂರು ಚಮಚೆ ಸಕ್ಕರೆಯ ಪೊಟ್ಟಣ ಇರಲಿ. ಕೈ ನಡುಗಿ ಬೆವರು ಬಂದರೆ ನಿಂತು ಬಾಯಿಗೆ ಹಾಕಿಕೊಳ್ಳಿ, 15 ನಿಮಿಷ ಕಾಯಿರಿ. ಬಿ.ಪಿ.ಗೆ ಹೃದಯದ ಬಡಿತ ತಗ್ಗಿಸುವ ಮಾತ್ರೆ ನುಂಗುವವರ ಕೈಗಡಿಯಾರ ತೋರಿಸುವ ಬಡಿತದ ಸಂಖ್ಯೆ ವೇಗದ ಅಳತೆಗೆ ನಂಬುವಂಥದ್ದಲ್ಲ. ಅವರಿಗೆ ಮಾತಿನ ಅಳತೆಯೇ ಸರಿ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಮಧ್ಯಮ ವೇಗ.

ಹೆಜ್ಜೆ 1: ನಿಂತದ್ದು ಯಾಕೆ ಎಂದು ನಿಜ ಬರೆಯಿರಿ

"ಸೋಮಾರಿತನ" ಎಂದು ಬರೆದರೆ ಅದರಿಂದ ಮುಂದಕ್ಕೆ ಹೋಗಲು ದಾರಿಯಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಏನಾಗಿ ತಪ್ಪಿತು ಎಂದು ಬರೆಯಿರಿ. ನಾಲ್ಕು ಸಾಲು ಸಾಕು. ಆಗ ಹೊರಬರುವ ಕಾರಣಗಳು ಬಹಳ ಸಲ ತೀರಾ ಸಣ್ಣವು.

ಉದಾಹರಣೆಗೆ ನೀರು. ನಲ್ಲಿ ನೀರು ಬಿಡುವ ದಿನ ಬೆಳಿಗ್ಗೆ ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕು. ಸಂಪು, ಡ್ರಮ್ಮು, ಕೊಡ ತುಂಬುವಷ್ಟರಲ್ಲಿ ಎಂಟು ಗಂಟೆ. ಆ ದಿನವನ್ನೂ ವಾಕಿಂಗ್ ಪಟ್ಟಿಗೆ ಸೇರಿಸಿಕೊಂಡಿದ್ದರೆ ಪ್ರತಿ ಸಲವೂ ತಪ್ಪುತ್ತದೆ, ತಪ್ಪಿದ ಲೆಕ್ಕ ಮನಸ್ಸಿನಲ್ಲಿ ಬೆಳೆಯುತ್ತದೆ. ನೀರಿನ ದಿನ ವ್ಯಾಯಾಮಕ್ಕೆ ರಜೆ ಎಂದು ಮೊದಲೇ ಬರೆದುಬಿಡಿ. ಎರಡು ತುಂಬಿದ ಕೊಡ ಎತ್ತಿಕೊಂಡು ಮಹಡಿ ಹತ್ತುವುದು ಜಿಮ್ಮಿನವರು ದುಡ್ಡು ತೆಗೆದುಕೊಂಡು ಮಾಡಿಸುವ ಕೆಲಸವೇ.

ಇನ್ನೊಂದು ಕತ್ತಲೆ ಮತ್ತು ನಾಯಿಗಳು. ನಮ್ಮ ಕಡೆ ಮೇ ಕೊನೆಯಲ್ಲಿ ಸೂರ್ಯ ಹುಟ್ಟುವುದು 6ಕ್ಕೆ ಸ್ವಲ್ಪ ಮೊದಲು, ಜನವರಿಯಲ್ಲಿ 6:50ರ ಆಸುಪಾಸು. ಬೇಸಿಗೆಯಲ್ಲಿ ಕಟ್ಟಿಕೊಂಡ 5:30ರ ಅಭ್ಯಾಸ ಚಳಿಗಾಲದಲ್ಲಿ ಕಗ್ಗತ್ತಲಲ್ಲಿ ಬೀಳುತ್ತದೆ, ನಾಯಿಗಳ ಗುಂಪು ಅಟ್ಟಿಸಿಕೊಂಡು ಬಂದರೆ ಅಲ್ಲಿಗೆ ಮುಗಿಯಿತು. ನವೆಂಬರ್ ಬಂದಾಗ ಒಂದು ಗಂಟೆ ಮುಂದಕ್ಕೆ ತಳ್ಳಿ, ಇಲ್ಲವೇ ಸಂಜೆಗೆ ಬದಲಾಯಿಸಿ. ಬೆಳಗಿನದೇ ಶ್ರೇಷ್ಠ ಎಂಬ ಹಟದಿಂದ ಎಷ್ಟೋ ಜನ ಎರಡೂ ಕಳೆದುಕೊಂಡಿದ್ದಾರೆ.

ಜೊತೆಗಾರ ಊರು ಬಿಟ್ಟಿದ್ದು, ಮಂಡಿನೋವು, ಜಿಮ್ಮು ಮನೆಯಿಂದ ದೂರ, ಇವುಗಳ ಪರಿಹಾರ ನಿಮಗೇ ಹೊಳೆಯುತ್ತದೆ. ಯಾರೂ ಬರೆಯದ ಕಾರಣ ಮಾತ್ರ ಒಂದಿದೆ: ನಾಚಿಕೆ. ಬಿಟ್ಟು ಮೂರು ತಿಂಗಳಾದಮೇಲೆ ಸ್ಟೇಡಿಯಂಗೆ ಹೋದರೆ ಹಳೇ ಗುಂಪಿನವರು ನಿಲ್ಲಿಸಿ ಕೇಳುತ್ತಾರೆ, "ಏನ್ ಸಾರ್, ಕಾಣ್ಲೇ ಇಲ್ವಲ್ಲ! ಸ್ವಲ್ಪ ದಪ್ಪ ಆದಂಗಿದೀರಿ?" ಪ್ರೀತಿಯಿಂದಲೇ ಕೇಳಿದ್ದು, ಆದರೂ ಚುಚ್ಚುತ್ತದೆ. ಉತ್ತರ ಮೊದಲೇ ಬಾಯಲ್ಲಿರಲಿ: "ಹೌದ್ರೀ, ಇವತ್ತಿಂದ ಮತ್ತೆ ಶುರು. ಹತ್ತೇ ನಿಮಿಷ, ಬರ್ತೀನಿ." ಅಷ್ಟು ಹೇಳಿ ನಡೆಯುತ್ತಾ ಇರಿ. ಅದೂ ಕಷ್ಟವೆನಿಸಿದರೆ ಮೊದಲ ವಾರ ಸ್ಟೇಡಿಯಂ ಬಿಟ್ಟು ನಿಮ್ಮ ಬಡಾವಣೆಯ ಬೀದಿಗಳಲ್ಲೇ ಸುತ್ತಿ, ತಪ್ಪಿಲ್ಲ.

ಹೆಜ್ಜೆ 2: ಹೊತ್ತು, ಜಾಗ, ಕೊಂಡಿ

"ನಾಳೆಯಿಂದ ವಾಕಿಂಗ್ ಮಾಡ್ತೀನಿ" ಎಂಬುದು ಆಸೆ. "ಹಾಲಿನ ಪ್ಯಾಕೆಟ್ ಫ್ರಿಜ್ಜಿಗಿಟ್ಟ ಕೂಡಲೇ ಶೂ ಹಾಕಿಕೊಂಡು ಬೀದಿ ಕೊನೆಯ ಗುಡಿಯವರೆಗೆ ಹೋಗಿಬರ್ತೀನಿ" ಎಂಬುದು ಯೋಜನೆ. ದಿನಾ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಹೊಸ ಕೆಲಸವನ್ನು ಕಟ್ಟುವುದು ಇದರ ಗುಟ್ಟು. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದ ತೋರಿಸುತ್ತ ಬಂದಿರುವುದೂ ಇದನ್ನೇ: "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಎಂದು ಹೊತ್ತು, ಜಾಗ ಸಮೇತ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ನಡೆಸಿಕೊಡುತ್ತಾರೆ.

ಕೊಂಡಿಯನ್ನು ಆರಿಸುವಾಗ ಗಡಿಯಾರಕ್ಕಿಂತ ಕೆಲಸ ಮೇಲು. ಹಾಲು, ಮಕ್ಕಳ ಸ್ಕೂಲ್ ವ್ಯಾನ್, ಸಂಜೆ ಅಂಗಡಿ ಬಾಗಿಲು ಹಾಕುವುದು, ಇವು ತಾವಾಗಿ ನೆನಪಿಸುತ್ತವೆ.

ರಾತ್ರಿಯೇ ಮಾಡಿಡುವುದು: ಬಟ್ಟೆ ಕುರ್ಚಿಯ ಮೇಲೆ, ಶೂ ಬಾಗಿಲ ಬಳಿ, ಅದರೊಳಗೆ ಕಾಲುಚೀಲ, ಫೋನು ಕೈಗೆಟುಕದಷ್ಟು ದೂರ ಚಾರ್ಜಿಗೆ. ತಿಂಗಳುಗಟ್ಟಲೆ ಹೊರಗೆ ಬಿದ್ದಿದ್ದ ಶೂ ಆದರೆ ಮೊದಲು ಬೋರಲು ಹಾಕಿ ಜೋರಾಗಿ ಕೊಡವಿ, ಬಂಡೆಗಳ ಊರು ನಮ್ಮದು, ಒಳಗೆ ಚೇಳು ಕೂತಿದ್ದರೆ ಆಶ್ಚರ್ಯವಿಲ್ಲ. ಆಮೇಲೆ ಸೋಲನ್ನು ಮುಂದಿನಿಂದ ಮಡಚಿ ನೋಡಿ. ಅಂಟು ಬಿಟ್ಟಿದ್ದರೆ, ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ಬದಲಾಯಿಸಿ. ಬಟ್ಟೆ ಬಿಗಿಯಾಗಿದೆಯೇ ಎಂದೂ ಹಿಂದಿನ ದಿನವೇ ನೋಡಿಕೊಳ್ಳಿ. ಬೆಳಿಗ್ಗೆ ಹಳೇ ಟ್ರ್ಯಾಕ್ ಪ್ಯಾಂಟ್ ಸೊಂಟಕ್ಕೆ ಏರದಿದ್ದರೆ ಅವತ್ತಿನ ವಾಕಿಂಗ್ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 3: ಆರು ವಾರ

ಮೊದಲ ವಾರ: ಸಮತಟ್ಟಾದ ಜಾಗದಲ್ಲಿ 10 ನಿಮಿಷ, ಐದು ದಿನ. ಐದು ನಿಮಿಷ ಹೋಗಿ ತಿರುಗಿ ಬನ್ನಿ. ಮನೆಗೆ ಬಂದಾಗ "ಇಷ್ಟೇನಾ?" ಅನ್ನಿಸಬೇಕು. ಹಾಗೆ ಅನ್ನಿಸಿದರೂ ಹೆಚ್ಚಿಸಬೇಡಿ. ಈ ವಾರ ಕೆಡುವುದು ಕಡಿಮೆ ಮಾಡಿದ್ದರಿಂದಲ್ಲ, ಎರಡನೇ ದಿನ ಹುಮ್ಮಸ್ಸಿಗೆ ಬಿದ್ದು ನಲವತ್ತು ನಿಮಿಷ ನಡೆದದ್ದರಿಂದ.

ಎರಡನೇ ವಾರ: 15 ನಿಮಿಷ, ಐದು ದಿನ. ನಡುವೆ ಅಂತರ ಬಿಟ್ಟು ಎರಡು ದಿನ ಮನೆಯಲ್ಲೇ ಬಲದ ಕೆಲಸ: ಕುರ್ಚಿಗೆ ಕೂತೇಳುವ ಬಸ್ಕಿ 6, ಗೋಡೆಗೆ ಕೈ ಕೊಟ್ಟು ದಂಡ 6, ಒಂದು ನಿಮಿಷ ಬಿಡುವು, ಮತ್ತೊಂದು ಸುತ್ತು. ಬಸ್ಕಿಯಲ್ಲಿ ಮಂಡಿ ಒಳಕ್ಕೆ ವಾಲಬಾರದು, ಪಾದದ ಬೆರಳುಗಳ ದಿಕ್ಕಿಗೇ ಬಾಗಬೇಕು. ಕುರ್ಚಿಗೆ ದೊಪ್ಪನೆ ಬೀಳದೆ, ಮೂರು ಎಣಿಸುತ್ತಾ ಕೂರಿ.

ಮೂರನೇ ವಾರ: 20 ನಿಮಿಷ. ಬಸ್ಕಿ 8, ಗೋಡೆಯ ಬದಲು ಅಡುಗೆಮನೆ ಕಟ್ಟೆಗೆ ಕೈ ಕೊಟ್ಟು ದಂಡ 8, ಎರಡು ಸುತ್ತು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 10.

ನಾಲ್ಕನೇ ವಾರ: 25 ನಿಮಿಷ, ಬಲದ ಕೆಲಸ ಹಿಂದಿನಷ್ಟೇ. ಹಿಮ್ಮಡಿ ಬೆಳಗಿನ ಮೊದಲ ಹೆಜ್ಜೆಗೆ ಚುಚ್ಚುತ್ತಿದ್ದರೆ ಮೂರನೇ ವಾರದ ಅಳತೆಗೆ ಇಳಿಯಿರಿ.

ಐದನೇ ವಾರ: 30 ನಿಮಿಷ, ಅದರಲ್ಲಿ ಒಂದು ದಿನ ಮಾತ್ರ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಹೀಗೆ ಐದು ಸಲ. ಬಸ್ಕಿ, ದಂಡ ಮೂರು ಸುತ್ತು.

ಆರನೇ ವಾರವೂ 30 ನಿಮಿಷ, ಐದು ದಿನ, ಒಟ್ಟು 150. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಹೇಳುವ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆಯ ಕೆಳಗಿನ ಗೆರೆ ಇದು, ಜೊತೆಗೆ ವಾರಕ್ಕೆರಡು ದಿನ ಬಲದ ವ್ಯಾಯಾಮ.

ಓಡುತ್ತಿದ್ದವರು ಮೂರನೇ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ ಸೇರಿಸಬಹುದು, ದಿನ ಬಿಟ್ಟು ದಿನ.

ಗಾಳಿಯ ಬಗ್ಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ದುರ್ಗದ ಗಾಳಿ ಗೊತ್ತಲ್ಲ, ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹೊರಡುವಾಗ ಗಾಳಿಗೆ ಎದುರಾಗಿ ನಡೆಯಿರಿ, ಬರುವಾಗ ಅದೇ ಬೆನ್ನಿಗೆ ತಳ್ಳುತ್ತದೆ. ಉಲ್ಟಾ ಮಾಡಿದರೆ ದಣಿದ ಮೇಲೆ ಧೂಳು ತಿನ್ನುತ್ತಾ ಮನೆ ಸೇರಬೇಕು, ಮಾರನೇ ದಿನ ಹೊರಡುವಾಗ ಮನಸ್ಸು ಅದನ್ನೇ ನೆನಪಿಡುತ್ತದೆ.

ಜಿಮ್ಮಿಗೆ ಮರಳುವವರಿಗೆ

ಅಮೆರಿಕದ ಕಾಲೇಜು ತಂಡಗಳ ತರಬೇತುದಾರರ ಸಂಘಟನೆಗಳು 2019ರಲ್ಲಿ ಬಿಡುವಿನ ನಂತರದ ಮರಳುವಿಕೆಗೆ ಕೊಟ್ಟ ಸೂತ್ರವೊಂದಿದೆ: ಹಳೆಯ ಪ್ರಮಾಣಕ್ಕಿಂತ ಮೊದಲ ವಾರ 50, ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10 ಪ್ರತಿಶತ ಕಡಿಮೆ. ಅದನ್ನು ಎತ್ತುವ ತೂಕಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು. ಬಿಡುವ ಮುಂಚೆ 50 ಕೆ.ಜಿ.ಯನ್ನು 10 ಸಲದಂತೆ 4 ಸೆಟ್ ಎತ್ತುತ್ತಿದ್ದಿರಿ ಎನ್ನಿ, ಒಟ್ಟು 2000 ಕೆ.ಜಿ. ಮೊದಲ ವಾರ 40 ಕೆ.ಜಿ., 12 ಸಲ, 2 ಸೆಟ್: 960. ಎರಡನೇ ವಾರ 45 ಕೆ.ಜಿ., 10 ಸಲ, 3 ಸೆಟ್: 1350. ಮೂರನೆಯದು 50 ಕೆ.ಜಿ., 8 ಸಲ, 4 ಸೆಟ್: 1600. ನಾಲ್ಕನೆಯದು 50 ಕೆ.ಜಿ., 9 ಸಲ, 4 ಸೆಟ್: 1800. ಐದನೇ ವಾರ ಹಳೆಯ ಜಾಗ. ನಾಲ್ಕೈದು ತಿಂಗಳು ಬಿಟ್ಟಿದ್ದರೆ ಪ್ರತಿ ಮೆಟ್ಟಿಲಿಗೂ ಎರಡು ವಾರ ಕೊಡಿ.

ಮೊದಲ ದಿನವೇ "ಇವತ್ತು ಲೆಗ್ ಡೇ" ಎಂದು ಟ್ರೇನರ್ ಪೂರ್ತಿ ಕೋಟಾ ಕೊಟ್ಟರೆ ಬೇಡ ಎನ್ನಿ. ಬಿಟ್ಟ ಮೇಲೆ ಒಮ್ಮೆಲೇ ಅತಿ ಮಾಡಿದಾಗ ಸ್ನಾಯು ಒಡೆದು ಅದರ ಕಸ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಏಟು ಬೀಳಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿ ವಿಪರೀತ ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೋಟೆ ಹತ್ತುವವರಿಗೆ: ತೊಂದರೆ ಇಳಿಯುವುದರಲ್ಲಿದೆ

ಹತ್ತುವಾಗ ದಮ್ಮು ಕಟ್ಟುತ್ತದೆ, ಹಾಗಾಗಿ ಅದೇ ಕಷ್ಟದ ಭಾಗ ಎಂದುಕೊಳ್ಳುತ್ತೇವೆ. ಎರಡು ದಿನದ ನಂತರ ತೊಡೆ ಹಿಡಿಯುವುದು ಮಾತ್ರ ಇಳಿದಿದ್ದಕ್ಕೆ. ಇಳಿಯುವಾಗ ಮುಂದೊಡೆಯ ಸ್ನಾಯು ಉದ್ದವಾಗುತ್ತಲೇ ಇಡೀ ಮೈಯ ಭಾರ ತಡೆದು ಹಿಡಿಯಬೇಕು, ಬ್ರೇಕ್ ಹಾಕಿಕೊಂಡೇ ಗಾಡಿ ಇಳಿಸಿದಂತೆ. ಆ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಗಾಯವಾಗುತ್ತದೆ. ನೋವು ಮಾರನೇ ದಿನ ಶುರುವಾಗಿ 48 ಗಂಟೆಯ ಆಸುಪಾಸಿಗೆ ಜೋರಾಗಿ, ಮೂರು-ನಾಲ್ಕು ದಿನದಲ್ಲಿ ಇಳಿಯುತ್ತದೆ. ಒಳ್ಳೆಯ ಸಂಗತಿಯೆಂದರೆ, ಸ್ವಲ್ಪವೇ ಇಳಿದು ಅಭ್ಯಾಸ ಮಾಡಿದ ಸ್ನಾಯುವಿಗೆ ಮುಂದಿನ ಸಲದ ಪೆಟ್ಟು ತೀರಾ ಕಡಿಮೆ.

ಹಾಗಾಗಿ ಮೊದಲ ಎರಡು ವಾರ ಕೋಟೆ ಬೇಡ, ಚಂದ್ರವಳ್ಳಿ ಕಡೆಯ ಸಮತಟ್ಟು ದಾರಿ ಸಾಕು. ಮೂರನೇ ವಾರ ಒಂದು ದಿನ ಕೋಟೆಗೆ ಹೋಗಿ, ಹತ್ತು ನಿಮಿಷ ಹತ್ತಿ ತಿರುಗಿಬಿಡಿ. ಐದನೇ ವಾರಕ್ಕೆ ಏಕನಾಥೇಶ್ವರಿ ಗುಡಿಯವರೆಗೆ. ತುಪ್ಪದ ಕೊಳದ ಬಂಡೆಯನ್ನು ಬೆರಳು ಊರಿ ಹತ್ತುವ ಸಾಹಸ ಆರು ವಾರ ಮುಗಿಯುವವರೆಗೆ ಬೇಡ, ಬಂಡೆ ನೆಂದ ದಿನವಂತೂ ಎಂದೂ ಬೇಡ. ಇಳಿಯುವಾಗ ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಸಡಿಲ, ಕಡಿದಾದ ಕಡೆ ಓರೆಯಾಗಿ. ಓಡಿ ಇಳಿಯಬೇಡಿ. ಬಾಳೆಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದು ಹೋದರೆ ಅದು ಕೋತಿಗಳ ಪಾಲು.

ನೋವಿನ ದಿನ ಪೂರ್ತಿ ಮಲಗುವುದಕ್ಕಿಂತ ಹತ್ತು ನಿಮಿಷ ನಿಧಾನ ನಡೆದರೆ ಬಿಗಿತ ಸಡಿಲವಾಗುತ್ತದೆ. ಎರಡೂ ತೊಡೆಯಲ್ಲಿ ಸಮನಾಗಿ, ಸ್ನಾಯುವಿನ ನಡುಭಾಗದಲ್ಲಿ, ಮುಟ್ಟಿದರೆ ನೋಯುವಂಥದ್ದು ಸಾಮಾನ್ಯ ಮೈಕೈ ನೋವು. ಒಂದೇ ಕಾಲಿನಲ್ಲಿ, ಕೀಲಿನ ಹತ್ತಿರ, ಚುಚ್ಚಿದಂತೆ, ನಡೆದಷ್ಟೂ ಹೆಚ್ಚುವಂಥದ್ದು ಬೇರೆ. ಅದಕ್ಕೆ ವಿಶ್ರಾಂತಿ ಕೊಡಿ, ವಾರದಲ್ಲಿ ಇಳಿಯದಿದ್ದರೆ ತೋರಿಸಿ.

ಹೆಜ್ಜೆ 4: ಊಟವನ್ನು ಈಗಲೇ ಮುಟ್ಟಬೇಡಿ

ವಾಕಿಂಗ್ ಶುರುವಾದ ದಿನವೇ ಅನ್ನ ಬಿಟ್ಟು, ಸಕ್ಕರೆ ಬಿಟ್ಟು, ರಾತ್ರಿಯೂಟವನ್ನೂ ಬಿಡುವವರಿದ್ದಾರೆ. ಎರಡೂ ಒಟ್ಟಿಗೆ ಮುರಿಯುತ್ತವೆ. ಹಸಿದ ಮೈ ಬೆಳಿಗ್ಗೆ ಏಳುವುದಿಲ್ಲ. ಮೊದಲ ತಿಂಗಳು ಮುದ್ದೆ, ರೊಟ್ಟಿ, ಅನ್ನ, ಸಾರು ಹಿಂದಿನಂತೆಯೇ ಇರಲಿ. ಕಾಳು, ಮೊಟ್ಟೆ, ಶೇಂಗಾ, ಮೊಸರು ಸ್ವಲ್ಪ ಹೆಚ್ಚಿರಲಿ. ದಾವಣಗೆರೆಯವರು ಕುಂದವಾಡ ಕೆರೆ ಸುತ್ತಿ ಬಂದು ಭಾನುವಾರ ಬೆಣ್ಣೆ ದೋಸೆ ತಿಂದರೆ ಸಮ ಆಗಿಹೋಯಿತಲ್ಲ ಎಂದು ನಗುವವರುಂಟು. ನಗಲಿ ಬಿಡಿ. ವಾರವಿಡೀ ತಪ್ಪಿಸದೆ ಹೋದದ್ದಕ್ಕೆ ಆ ದೋಸೆಯೇ ಕಾರಣವಾಗಿದ್ದರೆ ಅದು ಅಗ್ಗದ ಕೂಲಿ.

ತೂಕದ ಯಂತ್ರವನ್ನೂ ಒಂದು ತಿಂಗಳು ಮಂಚದಡಿಗೆ ತಳ್ಳಿ. ಮತ್ತೆ ಕೆಲಸ ಶುರು ಮಾಡಿದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುವುದರಿಂದ ಮೊದಲ ವಾರಗಳಲ್ಲಿ ಮುಳ್ಳು ಮೇಲಕ್ಕೂ ಹೋಗಬಹುದು. ಅದನ್ನು ನೋಡಿಯೇ ಕೈಬಿಟ್ಟವರು ಬಹಳ.

ಹೆಜ್ಜೆ 5: ಗೋಡೆ ಕ್ಯಾಲೆಂಡರ್

ಹೋದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು. ಎಷ್ಟು ದೂರ, ಎಷ್ಟು ಕ್ಯಾಲರಿ ಏನೂ ಬೇಡ. ಹೋಗದ ದಿನದ ಮನೆಯನ್ನು ಖಾಲಿ ಬಿಡಿ, ಕೆಂಪಿನಲ್ಲಿ ಸುತ್ತಬೇಡಿ. ಪಾಲಿಸಬೇಕಾದ ನಿಯಮ ಒಂದೇ: ರಜೆ ಎಂದು ಮೊದಲೇ ಬರೆದ ದಿನಗಳನ್ನು ಬಿಟ್ಟು, ಸತತ ಎರಡು ದಿನ ಖಾಲಿ ಹೋಗಬಾರದು. ಎರಡನೇ ದಿನ ಏನೂ ಆಗದಿದ್ದರೆ ಶೂ ಹಾಕಿ ಗೇಟಿನವರೆಗೆ ಹೋಗಿಬನ್ನಿ, ಗೀಟು ಹಾಕಿ. ಇದು ಮೋಸವಲ್ಲ, ಉಳಿಸಿಕೊಳ್ಳಬೇಕಾದದ್ದು ಹೊರಡುವ ಅಭ್ಯಾಸ.

21 ದಿನಕ್ಕೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ಕೂತರೆ 22ನೇ ದಿನ ನಿರಾಸೆಯಾಗುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಹೊಸ ಕೆಲಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನವಾಗುವ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕಟ್ಟುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೂ ಆಗಲಿಲ್ಲ.

ಮುಂದಿನ ಬಿಡುವಿಗೆ ಮೊದಲೇ ತಯಾರಿ

ಬಿಡುವು ಮತ್ತೆ ಬಂದೇ ಬರುತ್ತದೆ, ಜಾತ್ರೆಯೋ ಲಗ್ನವೋ ಹೊಲದ ಸುಗ್ಗಿಯೋ. ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದಕ್ಕೆ ಬೇಕಾದ ಕೆಲಸ ಬಹಳ ಕಡಿಮೆ. ಬಲದ ವ್ಯಾಯಾಮವನ್ನು ಭಾರ ಇಳಿಸದೆ ವಾರಕ್ಕೊಮ್ಮೆ ಮಾಡಿದರೂ ಬಲ ತಿಂಗಳುಗಟ್ಟಲೆ ಉಳಿಯುತ್ತದೆ. ದಮ್ಮಿಗೆ ವಾರಕ್ಕೆರಡು ಸಲ ಸಾಕು, ವೇಗ ಮಾತ್ರ ಹಿಂದಿನಷ್ಟೇ ಇರಬೇಕು. ಹೊತ್ತು ಕಡಿಮೆ ಮಾಡಿ, ಬಿರುಸು ಕಡಿಮೆ ಮಾಡಬೇಡಿ.

ನೆಂಟರ ಲಗ್ನಕ್ಕೆ ಮೂರು ದಿನ ಛತ್ರದಲ್ಲಿದ್ದರೆ, ಶೂವನ್ನು ಬಟ್ಟೆ ಬ್ಯಾಗಿನ ಮೇಲ್ಗಡೆ ಇಡಿ. ಎರಡನೇ ದಿನ ಬೆಳಿಗ್ಗೆ ಸ್ನಾನದ ಸಾಲು ಹತ್ತುವ ಮುಂಚೆ ಛತ್ರದ ಮೆಟ್ಟಿಲನ್ನು ನಾಲ್ಕು ಸಲ ಬಿರುಸಾಗಿ ಹತ್ತಿಳಿದು, ರೂಮಿನಲ್ಲಿ ಹತ್ತು ಬಸ್ಕಿ ಹೊಡೆಯಿರಿ. ಉಪ್ಪಿಟ್ಟು ಬರುವುದಕ್ಕೆ ಇನ್ನೂ ಹೊತ್ತಿರುತ್ತದೆ.